ನಡುಗಬೇಕಿದ್ದ ಆಟಿಕೆ

ಟೀಚರ್,

ಆ ಮೋಟಾರುಗಳ ಮೇಲಿದ್ದ ಅಂಟನ್ನು ಕೆರೆದು ತೆಗೆದವನು ನಾನು. ಅದು ತಾನಾಗಿ ಬೀಳಲಿಲ್ಲ. ನಿಮ್ಮ ಕೈ ಸರಿಯಾಗಿಯೇ ಒತ್ತಿತ್ತು. ಇಷ್ಟು ಹೇಳಲು ನನಗೆ ಒಂದೂವರೆ ವರ್ಷ ಸಮಯವಿತ್ತು. ಈಗ ಬರೆಯುತ್ತಿದ್ದೇನೆ, ನೀವಿಲ್ಲದಾಗ. ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವನ ಬರವಣಿಗೆ ಇದು. ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಲು ನೀವೂ ಇಲ್ಲ.

ನೀವು ಭಾಲ್ಕಿಗೆ ಬಂದ ದಿನ ನೆನಪಿದೆಯೇ? ಬಸ್ ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದೇ ಬಂದು ನಮ್ಮ ಮೋಟಾರ್ ರಿವೈಂಡಿಂಗ್ ಅಂಗಡಿಯ ಮುಂದೆ ನಿಂತಿರಿ. ನಾನು ಸುಟ್ಟುಹೋದ ಕೂಲರ್ ಮೋಟಾರಿನ ತಂತಿ ಬಿಚ್ಚುತ್ತಿದ್ದೆ. ನಿಮ್ಮ ಕೈಯಲ್ಲಿ ಒಂದು ಬಿಸ್ಕಿಟ್ ಡಬ್ಬಿ ಇತ್ತು. ಕೈ ನಡುಗುತ್ತಿದ್ದುದರಿಂದ ಅದರ ಮುಚ್ಚಳ ಟಕಟಕ ಅನ್ನುತ್ತಿತ್ತು.

"ಬೀರು, ಈ ಕೈಲೆ ಬೆಸುಗಿ ಹಾಕಾಕ ಆಗವಲ್ದು. ನೀ ವೈರ್ ಅಷ್ಟ ಜೋಡಿಸಿ ಕೊಡು. ಬ್ಯಾರೆ ಏನೂ ಮಾಡಬ್ಯಾಡ, ತಿಳೀತಾ?"

"ಯಾತಕ್ರಿ ಟೀಚರ್ ಇವು?"

"ಬ್ಯಾಸಿಗಿ ಕ್ಲಾಸಿನ ಹುಡುಗರಿಗಿ ಒಂದ್ ಆಟಿಕಿ. ಈಗೇ ಹೇಳಿದ್ರ ಮಜಾ ಏನದ? ಬೀದರಕ್ಕ ಬಂದು ನೋಡು."

ಡಬ್ಬಿಯಲ್ಲಿ ಹೆಬ್ಬೆರಳು ಗಾತ್ರದ ಹದಿನಾರು ಮೋಟಾರುಗಳು. ಸೋರುವ ನಲ್ಲಿಗೆ ಮೆತ್ತುತ್ತಾರಲ್ಲ, ಆ ಬೂದು ಬಣ್ಣದ ಅಂಟಿನ ಒಂದೊಂದು ಉಂಡೆ ಪ್ರತಿಯೊಂದರ ತಿರುಗುವ ಕಡ್ಡಿಗೂ ಒಂದು ಪಕ್ಕಕ್ಕೆ ಮೆತ್ತಿಕೊಂಡಿತ್ತು.

ನಮ್ಮ ಅಂಗಡಿಯಲ್ಲಿ ಕಲಿಸುವ ಮೊದಲ ಪಾಠವೇ ಮೋಟಾರು ನಡುಗಬಾರದು ಎಂಬುದು. ಅಂಗಡಿ ನಡೆಸುವ ಉಸ್ತಾದರು ಮೀಟರಿಗಿಂತ ಮೊದಲು ಅಂಗೈ ಇಟ್ಟು ನೋಡುತ್ತಾರೆ. "ನಡುಕ ಬಂತಂದ್ರ ನಮ್ ಇಜ್ಜತ್ ಹೋತು" ಅನ್ನುತ್ತಾರೆ. ನಾನು ಆ ಅಂಟನ್ನು ನೋಡಿದೆ, ನಿಮ್ಮ ಕೈ ನೆನಪಾಯಿತು. ಪಾಪ, ಬೇರೆಲ್ಲೋ ಹಚ್ಚಲು ಹೋಗಿ ಇಲ್ಲಿ ಬಿದ್ದಿದೆ ಅಂದುಕೊಂಡೆ. ಬ್ಲೇಡಿನಿಂದ ಕೆರೆದೆ, ಉಜ್ಜಿದೆ, ಎಣ್ಣೆ ಬಿಟ್ಟೆ. ಹದಿನಾರನ್ನೂ. ಅಂಗೈ ಮೇಲೆ ಇಟ್ಟರೆ ತಿರುಗುತ್ತಿರುವುದೇ ತಿಳಿಯದಷ್ಟು ಸಮ ಮಾಡಿದೆ. ಕೈತಪ್ಪಿ ಬಿದ್ದದ್ದು ಹದಿನಾರು ಸಲವೂ ಒಂದೇ ಜಾಗಕ್ಕೆ, ಒಂದೇ ಗಾತ್ರಕ್ಕೆ ಬೀಳುತ್ತದೆಯೇ ಟೀಚರ್? ನನಗೆ ಕಣ್ಣಿತ್ತು. ಬೇರೆ ಏನೂ ಮಾಡಬೇಡ ಎಂದು ನೀವು ಬಾಯಿಬಿಟ್ಟು ಹೇಳಿದ್ದಿರಿ. ಆದರೂ ನಾನು ನಿಮ್ಮ ಮಾತಿಗಿಂತ ನಿಮ್ಮ ನಡುಕವನ್ನೇ ಹೆಚ್ಚು ನಂಬಿದೆ.

ತರಗತಿಯ ದಿನ ನಾನು ಡಬ್ಬಿ ಹಿಡಿದು ಬೀದರಿಗೆ ಬಂದಾಗ ಚರ್ಚ್ ಹಾಲಿನಲ್ಲಿ ನೆಲದ ತುಂಬ ಬಿಳಿ ಹಾಳೆ ಹಾಸಿದ್ದಿರಿ. ಬೋರಲು ಹಾಕಿದ ಪ್ಲಾಸ್ಟಿಕ್ ಲೋಟ, ಅದಕ್ಕೆ ಮೂರು ಸ್ಕೆಚ್ ಪೆನ್ನಿನ ಕಾಲು, ತಲೆ ಮೇಲೆ ಮಕ್ಕಳೇ ಕೂರಿಸಿದ ಮೋಟಾರು, ಸೆಲ್. ಮಕ್ಕಳು ಲೋಟಗಳಿಗೆ ಕಣ್ಣು, ಮೀಸೆ, ಕುಂಕುಮ ಬರೆದಿದ್ದರು. ನೀವು ಒಂದು, ಎರಡು, ಮೂರು ಅಂದಿರಿ. ಹದಿನಾರು ಲೋಟಗಳು ಗುಂಯ್ ಅಂದವು, ಇದ್ದಲ್ಲೇ ನಿಂತವು. ಒಂದಾದರೂ ಅಲುಗಲಿಲ್ಲ. ಪ್ರತಿ ಪೆನ್ನಿನ ಕೆಳಗೂ ಒಂದೊಂದು ಚುಕ್ಕೆ ಮಾತ್ರ ದೊಡ್ಡದಾಗುತ್ತಿತ್ತು.

ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಟೀಚರ್, ಇದು ಖಾಲಿ ಗಿರಣಿ ಏನ್ರಿ? ಆವಾಜ್ ಅದ, ಹಿಟ್ಟಿಲ್ಲ!"

ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಆಮೇಲೆ ಒಂದು ಲೋಟವನ್ನು ಎತ್ತಿ ಕಡ್ಡಿಯನ್ನು ಬೆರಳಿಂದ ಸವರಿದಿರಿ. ಇನ್ನೊಂದು. ಮತ್ತೊಂದು.

"ಅಂಟು ಬಿದ್ದು ಹೋಗ್ಯಾದ ನೋಡ್ರಿ. ಭಾರ ಒಂದ್ ಕಡಿ ಇದ್ರ ಇದು ನಡುಗ್ತದ. ನಡುಗಿದ್ರನ ಚಿತ್ರ ಬರ್ತದ. ನನ್ ಕೈನೇ ಸರಿ ಒತ್ತಿಲ್ಲ."

ನಾನು ಬಾಗಿಲ ಹತ್ತಿರ ನಿಂತಿದ್ದೆ. ಹೊಸ ಅಂಟು ಹಚ್ಚಿದರೆ ಗಟ್ಟಿಯಾಗಲು ತಾಸು ಬೇಕು, ಅಷ್ಟರಲ್ಲಿ ಮಕ್ಕಳನ್ನು ಕರೆದೊಯ್ಯಲು ತಾಯಂದಿರು ಬಂದಿದ್ದರು. ನೀವು ಲೋಟಗಳನ್ನು ಒಂದರೊಳಗೊಂದು ಸೇರಿಸತೊಡಗಿದಿರಿ, ಸೇರಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. ನಾನು ಬಂದು ಸೇರಿಸಿಕೊಟ್ಟೆ. ಬಾಯಿ ಮಾತ್ರ ಬಿಡಲಿಲ್ಲ.

ಯಾಕೆ ಬಿಡಲಿಲ್ಲ? ನಾನು ಶಾಲೆ ಬಿಟ್ಟಾಗ ನಮ್ಮೂರು ಎಕಂಬಾದ ಹೊಲದಲ್ಲಿ ನಮ್ಮ ಕುರಿಗಳ ನಡುವೆ ನೀವು ನನ್ನನ್ನು ಹುಡುಕಿಕೊಂಡು ಬಂದದ್ದು ಆಗ ನೆನಪಾಯಿತು. ಅವ್ವ ನಿಮಗೆ ಮಜ್ಜಿಗೆ ಕೊಟ್ಟಳು. "ಹೊಟ್ಟಿನೋವು ಅಂತ ಸಾಲಿಗಿ ಬಂದಿಲ್ರಿ" ಎಂದು ನನ್ನ ಪರವಾಗಿ ಸುಳ್ಳನ್ನೂ ಹೇಳಿದಳು. ನಾನು ಎದ್ದು ಹೇಳಿದೆ: "ನೋವಿಲ್ರಿ ಟೀಚರ್. ಕುಂತ್ರ ಕಾಲು ಹಿಡೀತಾವ, ತಲಿ ಹೊರಗ ಓಡ್ತದ. ಇನ್ನ ಬರಂಗಿಲ್ರಿ." ನೀವು ಬಯ್ಯಲಿಲ್ಲ. "ಹೋಗ್ಲಿ, ನೀ ಒಬ್ಬಾಂವರೆ ಖರೇ ಹೇಳ್ದಿ" ಅಂದಿರಿ. ಶಾಲೆಯಿಂದ ನಾನು ಪಡೆದ ಪ್ರಮಾಣಪತ್ರ ಅದೊಂದೇ. ಆಮೇಲೆ ಔರಾದಿನ ಗ್ಯಾರೇಜು, ಚಿಂತಾಕಿಯ ಟೈರ್ ಅಂಗಡಿ, ಎಲ್ಲೂ ನಿಲ್ಲದೆ ಭಾಲ್ಕಿಗೆ ಬಂದೆ. ಎಲ್ಲಿ ಕೆಲಸ ಕೆಡಿಸಿದರೂ ಕೆಡಿಸಿದೆ ಎಂದೇ ಹೇಳಿದ್ದೇನೆ, ಏಟೂ ತಿಂದಿದ್ದೇನೆ. ಆ ಹಾಲಿನಲ್ಲಿ ಮಾತ್ರ, ನೀವು ಕೊಟ್ಟ ಆ ಹೆಸರು ಹೋಗುತ್ತದಲ್ಲ ಎಂದು...

ದಸರಾ ಕಳೆದ ಮೇಲೆ ಹೊಲದ ಬದುವಿನ ಸೀತಾಫಲ ತೆಗೆದುಕೊಂಡು ನಿಮ್ಮ ಮನೆಗೆ ಬಂದದ್ದು ಹೇಳಲಿಕ್ಕೇ. ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನೀವು ಚಹಾ ತಂದಿರಿ, ಅರ್ಧ ಕಪ್ಪು ಬಸಿಗೆ ಚೆಲ್ಲಿತ್ತು. "ನೋಡು, ಆವತ್ತೂ ಹಿಂಗೇ ಮೋಸ ಮಾಡ್ತು ಈ ಕೈ" ಅಂದಿರಿ. ಅದಕ್ಕಿಂತ ಒಳ್ಳೆಯ ಸಮಯ ಬರುತ್ತಿತ್ತೇ? ನಾನು ಅಂದದ್ದು "ಇರ್ಲಿ ಬಿಡ್ರಿ ಟೀಚರ್" ಎಂದು. ಬಸಿಯಲ್ಲಿದ್ದ ಚಹಾವನ್ನೂ ಕುಡಿದು ಎದ್ದು ಬಂದೆ. ಮುಂದಿನ ಬೇಸಿಗೆಯಲ್ಲಿ ನೀವು ತರಗತಿಗೆ ಹೋಗಲಿಲ್ಲ ಎಂದು ಕೇಳಿದೆ. ಆಗಲೂ ಬರಲಿಲ್ಲ.

ಈ ಸಲ ಕ್ರಿಸ್‌ಮಸ್ ಕಳೆದು ಸ್ವಲ್ಪ ದಿನಕ್ಕೆ ನಿಮ್ಮ ತಂಗಿ ಸುಲೋಚನಾ ಸಿಸ್ಟರ್ ಫೋನ್ ಮಾಡಿದರು. ಮಣ್ಣಿಗೆ ಬಂದೆ, ಒಂದು ಹಿಡಿ ಹಾಕಿದೆ. ಒಂದು ವಾರ ಬಿಟ್ಟು ಮನೆಗೆ ಹೋಗಿ ಸಿಸ್ಟರ್ ಮುಂದೆ ಎಲ್ಲ ಹೇಳಿದೆ. ಅವರು ದವಾಖಾನೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು, ಸುಮ್ಮನೆ ಸಮಾಧಾನ ಹೇಳುವವರಲ್ಲ.

"ಇದು ಅಕ್ಕಗ ಹೇಳೂದಿತ್ತು, ನನಗಲ್ಲ" ಅಂದರು. "ಆವತ್ತಿಂದ ಅಕೀ ಪೆನ್ ಮುಟ್ಟಿಲ್ಲ. ಕಿರಾಣಿ ಚೀಟಿ ಸೈತ ನನ್ ಕೈಲೆ ಬರೆಸ್ತಿದ್ಳು. ಕೈ ಹೋತು, ಹೋತು ಅಂತ ಕುಂತಳು."

ಆಮೇಲೆ ಅವರೇ ಕೇಳಿದರು:

"ಈಗೇನ್ ಮಾಡ್ತಿ?"

"ಬ್ಯಾಸಿಗಿ ಕ್ಲಾಸ್‌ನ್ಯಾಗ ನನಗ ಒಂದ್ ತಾಸು ಕೊಡಿಸ್ರಿ ಸಿಸ್ಟರ್. ಅದೇ ಹುಡುಗರು ಬೇಕು."

"ಆಟಿಕಿ ಮಾಡಿ ತೋರ್ಸಿ ಹೋಗಾಂವ ಇದ್ರ ಬರಬ್ಯಾಡ."

"ಇಲ್ರಿ. ಮೊದಲ ಹೇಳ್ತೀನಿ. ಟೀಚರ್ ಕೈ ತಪ್ಪಿಲ್ಲ, ನಾ ಕೆರದೀನಿ ಅಂತ. ಆಮ್ಯಾಲ ಆಟಿಕಿ."

ಅವರು ಒಳಗೆ ಹೋಗಿ ಆ ಬಿಸ್ಕಿಟ್ ಡಬ್ಬಿ ತಂದು ನನ್ನ ಕೈಗಿಟ್ಟರು.

ನಿಮಗೆ ಗೊತ್ತಿಲ್ಲದ ಸುದ್ದಿ ಕೇಳಿ ಟೀಚರ್. ಹದಿನಾರಕ್ಕೂ ಅಂಟು ಮೆತ್ತಿದ್ದೇನೆ, ನೀವು ಮೆತ್ತಿದ್ದ ಕಡೆಗೇ. ನನ್ನ ಉಂಡೆಗಳು ನಿಮ್ಮವುಗಳಷ್ಟು ಸರಿಯಾಗಿ ಬರಲಿಲ್ಲ, ಮೂರನ್ನು ಮತ್ತೆ ಮಾಡಬೇಕಾಯಿತು. ಒಂದು ಲೋಟವನ್ನು ಅಂಗಡಿಯ ನೆಲಕ್ಕೆ ಹಾಳೆ ಹಾಸಿ ಬಿಟ್ಟೆ. ಗಡಗಡ ನಡುಗುತ್ತ ಹೊರಟಿತು. ಕೆಂಪು, ಹಸಿರು, ನೀಲಿ ಸುರುಳಿ ಬಿಡಿಸುತ್ತ ಹಾಳೆ ದಾಟಿತು, ನೆಲದ ಮೇಲೂ ಬರೆಯಿತು, ಉಸ್ತಾದರ ಚಪ್ಪಲಿಗೆ ಹಾಯ್ದು ತಿರುಗಿತು.

"ಅರೆ, ಇದಕ್ಕ ಚಳಿ ಬುಖಾರ್ ಬಂದದ ಏನ್ಲೇ ಬೀರ್ಯಾ?" ಅಂದರು ಉಸ್ತಾದರು. ಅಭ್ಯಾಸದಂತೆ ಅಂಗೈ ಇಡಲು ಬಗ್ಗಿದವರು ಇಡದೆ ಅಲ್ಲೇ ಕುಕ್ಕರಗಾಲಲ್ಲಿ ಕುಳಿತರು. ಸೆಲ್ ಮುಗಿಯುವ ತನಕ ನೋಡಿದರು.

ಆದರೆ ರಜೆ ಕೇಳಿದಾಗ ಮುಖ ಗಂಟಾಯಿತು. ಅಂಗಡಿಯ ತುಂಬ ಕೂಲರ್ ಮೋಟಾರುಗಳು ಬಿದ್ದಿವೆ, ಅವರು ಹೇಳುವುದರಲ್ಲೂ ತಪ್ಪಿಲ್ಲ. "ಬ್ಯಾಸಿಗ್ಯಾಗ ಹೋಗಾಂವ ಹೋಗು. ವಾಪಸ್ ಬರಬ್ಯಾಡ." ಹಿಂದಿನ ಕೆಲಸಗಳನ್ನೆಲ್ಲ ಬೇಸರಕ್ಕೆ ಬಿಟ್ಟಿದ್ದೆ. ಇದು ನನಗೆ ಹಿಡಿಸಿದ ಕೆಲಸ, ಬಿಡಲು ಮನಸ್ಸಿಲ್ಲ. ಆದರೆ ಸಿಸ್ಟರ್ ಕೊಡಿಸಿದ ತಾಸು ನಾಳೆಗೇ ಇದೆ, ಮಕ್ಕಳು ಬರುವುದೂ ಆಗಲೇ. ನನ್ನ ಇಕ್ಕಳ, ಬೆಸುಗೆ ಕಡ್ಡಿ ಕಟ್ಟಿಕೊಂಡೆ. ಹೋಗುತ್ತೇನೆ ಎಂದು ಉಸ್ತಾದರ ಮುಖ ನೋಡಿಯೇ ಹೇಳಿದೆ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬೀದರಿಗೆ ಹೊರಡುತ್ತೇನೆ.

ಬೀರಪ್ಪ