ಮಾಬುಸಾಬರು ಮೈಕ್ ಬಂದ್ ಮಾಡಿದರು

ಮಕ್ಕಳ ಪ್ರಾಣ ಉಳಿಸುವ ವಿಡಿಯೋ ಮಾಡಿಸಿ, ಅದರ ಆರಂಭದಲ್ಲಿ ತಾವೇ ಕೈಮುಗಿದು ನಿಂತಿರುವ ಇಲಾಖೆಯ ಮುಖ್ಯಾಧಿಕಾರಿಗಳೇ,

ನನ್ನ ಮಗಳ ಗಂಟಲಲ್ಲಿ ಶೇಂಗಾ ಸಿಕ್ಕಿಕೊಂಡು ತುಟಿ ನೇರಳೆಯಾಗುತ್ತಿದ್ದಾಗ ತಮ್ಮ ಇಲಾಖೆ ನನಗೆ ಜೀನ್ಸ್ ಪ್ಯಾಂಟಿನ ಜಾಹೀರಾತು ತೋರಿಸಿತು. ನನ್ನ ದೂರು ಇಷ್ಟೇ. ಇದನ್ನು ಒಂದು ತಿಂಗಳ ಹಿಂದೆಯೇ ಅರ್ಜಿಯಾಗಿ ಬರೆದು ತಮ್ಮ ಕಚೇರಿಗೆ ಕಳಿಸಿದ್ದೆ. ಉತ್ತರ ಬರಲಿಲ್ಲ. ಅದಕ್ಕೇ ಈಗ ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ. ಈ ಪತ್ರ ತೆರೆಯುವ ಮೊದಲು ತಾವು ಯಾವ ಜಾಹೀರಾತನ್ನೂ ನೋಡಬೇಕಾಗಿಲ್ಲ. ಅಷ್ಟು ಸೌಜನ್ಯವನ್ನು ನಾನು ತೋರಬಲ್ಲೆ.

ನಾನು ಸಿರುಗುಪ್ಪದವಳು, ತವರು ಕುರುಗೋಡು, ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದಿದವಳು. ಓದಿನ ಮಾತನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಓದಿದವಳಾದ್ದರಿಂದಲೇ ಆ ಹೊತ್ತಿನಲ್ಲಿ ಫೋನು ಹಿಡಿದುಕೊಂಡೆ. ಓದದಿದ್ದರೆ ಬಹುಶಃ ಮಗಳನ್ನು ಹಿಡಿದುಕೊಳ್ಳುತ್ತಿದ್ದೆ.

ಮಗಳು ನೇತ್ರಾಳಿಗೆ ಆರು ತಿಂಗಳಿದ್ದಾಗ ನಮ್ಮ ಓಣಿಯ ಅಂಗನವಾಡಿಯಲ್ಲಿ ತಾಯಂದಿರ ಸಭೆ ನಡೆಯಿತು. ಸಿಸ್ಟರ್ ಅಕ್ಕನಾಗಮ್ಮ ಬಂದಿದ್ದರು. ಹಿಂದೆಲ್ಲ ಅವರು ಒಂದು ರಬ್ಬರ್ ಗೊಂಬೆ ತಂದು, ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಹೇಗೆ ಬೋರಲು ಹಾಕಬೇಕು, ಬೆನ್ನಿನ ಯಾವ ಜಾಗಕ್ಕೆ ಗುದ್ದಬೇಕು ಎಂದು ಪ್ರತಿ ತಾಯಿಯ ಕೈಯಲ್ಲೂ ಮಾಡಿಸುತ್ತಿದ್ದರಂತೆ. ಅಂದು ಅವರ ಚೀಲದಲ್ಲಿ ಇದ್ದದ್ದು ಸ್ಟಿಕ್ಕರುಗಳ ಕಟ್ಟು. ಒಂದೊಂದರ ಮೇಲೂ ಕ್ಯೂಆರ್ ಕೋಡ್, ಕೆಳಗೆ "ಆಪತ್ತಿನಲ್ಲಿ ಸ್ಕ್ಯಾನ್ ಮಾಡಿ, ಜೀವ ಉಳಿಸಿ".

"ಗೊಂಬಿ ಎಲ್ಲೈತ್ರಿ ಸಿಸ್ಟರ್?" ಎಂದು ನನ್ನ ಅತ್ತೆ ಎರ್ರಮ್ಮ ಕೇಳಿದರು.

"ವಾಪಸ್ ತಗೊಂಡ್ರವ್ವ. ಇನ್ಮ್ಯಾಲೆ ಎಲ್ಲಾ ವಿಡಿಯೋದಾಗ ಐತಿ, ನೀವು ಈ ಚೀಟಿ ಹಂಚಿದ್ರ ಸಾಕು ಅಂದಾರ."

"ಚೀಟಿ ಬಂದು ಬೆನ್ನಿಗೆ ಗುದ್ತೈತೇನು?"

ಎಲ್ಲರೂ ನಕ್ಕೆವು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ, ಅತ್ತೆಯ ಕಾಲ ಮುಗಿಯಿತು ಎನ್ನುವಂತೆ. ಮನೆಗೆ ಬಂದು ಸ್ಟಿಕ್ಕರನ್ನು ತಾಯಿ ಕಾರ್ಡಿನ ಹಿಂದೆ ನೀಟಾಗಿ ಅಂಟಿಸಿದೆ. ವಿಡಿಯೋ ಮಾತ್ರ ನೋಡಲಿಲ್ಲ. ಅಂಥದ್ದನ್ನು ನೋಡಿದರೆ ಎಲ್ಲಿ ಹಾಗೇ ಆಗಿಬಿಡುತ್ತದೋ ಎಂದು ಹೆದರಿಕೆ. ಇದು ನನ್ನ ತಪ್ಪು. ತಮ್ಮ ತಪ್ಪುಗಳ ಪಟ್ಟಿ ಹಾಕುವ ಮೊದಲು ನನ್ನದನ್ನು ಬರೆದಿಟ್ಟಿದ್ದೇನೆ. ತಮ್ಮ ಕಚೇರಿಗೆ ಈ ಪದ್ಧತಿ ಹೊಸದಿರಬಹುದು.

ನಾನು ಜಾಹೀರಾತಿನ ವೈರಿಯಲ್ಲ. ನನ್ನ ಗಂಡ ಹೊನ್ನೂರಸ್ವಾಮಿ ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಕಟಿಂಗ್ ಮಾಸ್ಟರ್. ಯಾರೋ ಎಲ್ಲೋ ಜಾಹೀರಾತು ನೋಡಿ ಪ್ಯಾಂಟು ಕೊಂಡರೆ ತಾನೆ ನಮ್ಮ ಒಲೆ ಹೊತ್ತುವುದು? ಅತ್ತೆಗಂತೂ ಜಾಹೀರಾತೆಂದರೆ ಅಕ್ಕರೆ. ನಾನು 'ಸ್ಕಿಪ್' ಒತ್ತಿದರೆ ಬೈಗುಳ ಗ್ಯಾರಂಟಿ: "ಪಾಪ, ಆ ಹುಡುಗಿ ಸಾಬೂನಿನ ಸುದ್ದಿ ಹೇಳಾಕತ್ತಾಳ. ನಡುವ ಬಾಯಿ ಮುಚ್ಚಿಸ್ತೀಯಲ್ಲ, ನಿಂಗ ಯಾರಾರ ಹಂಗ ಮಾಡಿದ್ರ?"

ಆದರೆ ನೇತ್ರಾ ಹುಟ್ಟಿದ ಮೇಲೆ ನನ್ನ ಫೋನಿಗೆ ಬೇರೆಯದೇ ದನಿ ಬಂದಿತ್ತು. ನಿಮ್ಮ ಮಗುವಿನ ತೂಕ ಸಾಲದೇ? ನಿಮ್ಮ ಹಾಲು ಸಾಕಾಗುತ್ತಿದೆಯೇ? ಬೇರೆ ಮಕ್ಕಳು ಈ ವಯಸ್ಸಿಗೆ ನಿಲ್ಲುತ್ತಾರೆ, ನಿಮ್ಮದು? ಮೂರು ತಾಸಿಗಿಂತ ಹೆಚ್ಚು ನಿದ್ದೆಯಿಲ್ಲದ ಹೆಂಗಸಿನ ಕಿವಿಯಲ್ಲಿ ದಿನಕ್ಕೆ ನಲವತ್ತು ಸಲ ಇಂಥ ಪ್ರಶ್ನೆ ಕೇಳಿದರೆ ಅವಳು ಏನಾಗುತ್ತಾಳೆ? ನನ್ನ ಸ್ವಂತ ಅತ್ತೆ ಕೇಳಿದ್ದರೆ ಜಗಳವಾಡಬಹುದಿತ್ತು. ಫೋನಿನೊಂದಿಗೆ ಹೇಗೆ ಜಗಳವಾಡುವುದು?

ಹಾಗಾಗಿ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಶಕೀಲನ ಬಳಿ ಹೋಗಿ ಆ್ಯಡ್ ಬ್ಲಾಕರ್ ಹಾಕಿಸಿದೆ. ಶಕೀಲನ ತಂದೆ ಮಾಬುಸಾಬರು ಪ್ರಚಾರದ ಆಟೋ ಓಡಿಸುವವರು. ತಲೆಯ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು, ಸೀರೆ ಅಂಗಡಿಯಿಂದ ಹಿಡಿದು ಟ್ಯೂಷನ್ ಕ್ಲಾಸಿನವರೆಗೆ ಎಲ್ಲದರ ಸುದ್ದಿಯನ್ನೂ ಸಿರುಗುಪ್ಪದ ಓಣಿ ಓಣಿಗೆ ಕೂಗಿಕೊಂಡು ಹೋಗುವ ಆಟೋ ಅದು.

"ಯಕ್ಕಾ, ನಮ್ಮಪ್ಪ ಊರ ತುಂಬ ಆ್ಯಡ್ ಕೂಗ್ತಾನ, ನಾನು ಇಲ್ಲಿ ಕುಂತು ಆ್ಯಡ್ ಬಾಯಿ ಕಟ್ತೀನಿ," ಎಂದು ಶಕೀಲ್ ನಕ್ಕ. "ಮನ್ಯಾಗ ಇಬ್ರೂ ಒಂದೇ ತಾಟಿನಾಗ ಉಣ್ತೀವಿ."

"ಅಪ್ಪಂಗ ಸಿಟ್ಟು ಬರಲ್ಲೇನೋ?"

"ಆತ ಏನಂತಾನ ಗೊತ್ತೇನ್ರಿ? ನಾನು ಸತ್ತ ಮನಿ ಮುಂದ, ಹೆರಿಗಿ ಮನಿ ಮುಂದ, ಪರೀಕ್ಷಿ ನಡಿಯೋ ಸಾಲಿ ಮುಂದ ಮೈಕ್ ಬಂದ್ ಮಾಡ್ತೀನಿ, ನಿನ್ನ ಫೋನಿಗೆ ಅಷ್ಟು ಬುದ್ಧಿ ಐತೇನಲೇ ಅಂತಾನ. ಇಲ್ಲ ಅಂದೆ. ಹಂಗಾದ್ರ ಬಾಯಿ ಕಟ್ಟು ಅಂದ."

ಎರಡು ತಿಂಗಳು ಫೋನು ಬಾಯಿ ಕಟ್ಟಿಕೊಂಡು ಸುಮ್ಮನಿತ್ತು. ನಾನೂ ಕೊಂಚ ಮನುಷ್ಯಳಾಗಿದ್ದೆ.

ಆಮೇಲೆ ಆ ದಿನ ಬಂತು. ನೇತ್ರಾಳಿಗೆ ಹದಿಮೂರು ತಿಂಗಳು. ಬೆಳಗಿನ ಹನ್ನೊಂದರ ಹೊತ್ತು. ಅವಳ ಲಸಿಕೆಯ ಪ್ರಮಾಣಪತ್ರ ತೆಗೆಯಲು ತಮ್ಮದೇ ಇಲಾಖೆಯ ಜಾಲತಾಣ ತೆರೆದು ಕೂತಿದ್ದೆ. ಪುಟ ಮುಂದಕ್ಕೆ ಹೋಗಲಿಲ್ಲ. ಕೆಂಪಕ್ಷರದಲ್ಲಿ ಬಂತು: "ನಿಮ್ಮ ಸಾಧನದಲ್ಲಿ ಪಾಪ್-ಅಪ್ ಹಾಗೂ ಜಾಹೀರಾತು ತಡೆ ಸಕ್ರಿಯವಾಗಿದೆ. ನಿಷ್ಕ್ರಿಯಗೊಳಿಸಿ ಮುಂದುವರಿಯಿರಿ." ನಾನು ವಿಧೇಯ ಪ್ರಜೆ. ನಿಷ್ಕ್ರಿಯಗೊಳಿಸಿದೆ. ಹಾಗೆ ಗುಂಡಿ ಹುಡುಕುತ್ತ ಕೂತಾಗ, ನನಗೆಂದು ಅತ್ತೆ ತಂದಿಟ್ಟ ಒಗ್ಗರಣೆ ಮಂಡಕ್ಕಿಯ ತಾಟು ನೆಲದ ಮೇಲಿತ್ತು. ಅದನ್ನು ಎತ್ತಿಡಬೇಕಾದವಳು ನಾನು. ಎತ್ತಿಡಲಿಲ್ಲ. ನೇತ್ರಾ ಅಂಬೆಗಾಲಿಟ್ಟು ಬಂದು ಮಂಡಕ್ಕಿಯೊಳಗಿನ ಶೇಂಗಾ ಆರಿಸಿ ಬಾಯಿಗೆ ಹಾಕಿಕೊಂಡಳು.

ಕೆಮ್ಮು ಬಂತು. ಆಮೇಲೆ ಕೆಮ್ಮು ನಿಂತಿತು. ಬಾಯಿ ತೆರೆದಿತ್ತು, ಅಳು ಇರಲಿಲ್ಲ. ಎಲ್ಲೋ ಒಳಗಿನಿಂದ ತೆಳ್ಳನೆಯ ಶಿಳ್ಳಿನಂಥ ಸದ್ದು. ಅತ್ತೆ ಓಡಿ ಬಂದು ಅವಳ ನೆತ್ತಿ ತಟ್ಟತೊಡಗಿದರು. "ಮ್ಯಾಲ ನೋಡವ್ವ, ಮ್ಯಾಲ ನೋಡು ನನ್ನ ಬಂಗಾರಾ." ನೆತ್ತಿ ತಟ್ಟಿದರೆ ಶೇಂಗಾ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಏನು ಮಾಡಿದರೆ ಬರುತ್ತದೆ ಎನ್ನುವುದು ಗೊತ್ತಿರಲಿಲ್ಲ. ಅದು ತಮ್ಮ ಸ್ಟಿಕ್ಕರಿನಲ್ಲಿತ್ತು. ಆಪತ್ತಿನಲ್ಲಿ ಸ್ಕ್ಯಾನ್ ಮಾಡಿ ಎಂದಿದ್ದಿರಿ. ಮಾಡಿದೆ.

ಮೊದಲ ಜಾಹೀರಾತು ಯಾವುದೋ ಮಸಾಲೆಯದು. ಐದು, ನಾಲ್ಕು, ಮೂರು, ಎರಡು, ಒಂದು. ದಾಟಿಸಿದೆ. ಎರಡನೆಯದು ಜೀನ್ಸ್ ಪ್ಯಾಂಟು. ಹದಿನೈದು ಸೆಕೆಂಡು, ದಾಟಿಸಲು ಗುಂಡಿಯೇ ಇಲ್ಲ. ಒಬ್ಬ ತರುಣ ಬಂಡೆಯಿಂದ ಬಂಡೆಗೆ ಹಾರುತ್ತಿದ್ದ. ಎಷ್ಟು ಹಾರಿದರೂ ಪ್ಯಾಂಟು ಹರಿಯುವುದಿಲ್ಲವಂತೆ. ನಾನು ಒತ್ತಿದೆ, ಒತ್ತಿದೆ, ಗಾಜು ಒಡೆಯುವಂತೆ ಒತ್ತಿದೆ. ಪ್ಯಾಂಟು ಕೊಳ್ಳುವ ಪುಟ ತೆರೆಯಿತು. ಹಿಂದಕ್ಕೆ ಬಂದರೆ ಮತ್ತೆ ಮೊದಲಿನಿಂದ ಹದಿನೈದು. ಅತ್ತೆ ಕೂಗಿದರು: "ಏನು ನೋಡಾಕತ್ತೀಯವ್ವಾ, ಕೂಸು ಕಪ್ಪಾಗಾಕತ್ತೈತಿ!"

ಜಾಹೀರಾತು ಮುಗಿಯಿತು. ಆಗ ಯಾರು ಬಂದರು ಗೊತ್ತೇ, ಮಾನ್ಯರೇ? ತಾವು ಬಂದಿರಿ. ಹಿನ್ನೆಲೆಯಲ್ಲಿ ವೀಣೆ, ಇಲಾಖೆಯ ಚಿಹ್ನೆ ಗಿರಗಿರ ತಿರುಗಿ ನಿಂತಿತು, ತಾವು ಕೈಮುಗಿದು "ಎಲ್ಲರಿಗೂ ನಮಸ್ಕಾರ. ಸುರಕ್ಷಿತ ಬಾಲ್ಯವೇ ನಮ್ಮ ಸಂಕಲ್ಪ" ಎಂದು ಶುರುಮಾಡಿದಿರಿ. ಜೀನ್ಸಿನವನಾದರೂ ಹದಿನೈದು ಸೆಕೆಂಡಿಗೆ ಜಾಗ ಬಿಟ್ಟ. ತಾವು ಬಿಡಲಿಲ್ಲ. ಫೋನನ್ನು ಗೋಡೆಗೆ ಬೀಸಿದೆ. ಮುಂದೆ ತಾವು ಏನು ಹೇಳಿಕೊಟ್ಟಿರೋ ಇವತ್ತಿಗೂ ನನಗೆ ಗೊತ್ತಿಲ್ಲ.

ಮಗಳನ್ನು ಎತ್ತಿಕೊಂಡು ಚೀರುತ್ತ ಹೊರಗೆ ಬಂದೆ. ಓಣಿಯ ತುದಿಯಲ್ಲಿ ಮಾಬುಸಾಬರ ಆಟೋ. "ಅಕ್ಕ ತಂಗೇರೇ, ಹೊಸ ಸ್ಟಾಕ್ ಬಂದೈತಿ, ಇವತ್ತೊಂದೇ ದಿನ..." ಎಂಬಲ್ಲಿಗೆ ಮೈಕ್ ಕಡಿದುಹೋಯಿತು. ಅವರು ನನ್ನನ್ನು ಏನೂ ಕೇಳಲಿಲ್ಲ. "ಹತ್ತು ತಂಗಿ" ಎಂದರು, ಅಷ್ಟೇ. ಆಟೋ ಓಣಿ ದಾಟುತ್ತಿದ್ದಂತೆ ಮತ್ತೆ ಮೈಕ್ ಹಚ್ಚಿದರು, ಈ ಸಲ ಬೇರೆ ಮಾತು: "ದಾರಿ ಬಿಡ್ರೀ, ಕೂಸೈತಿ! ಟ್ರ್ಯಾಕ್ಟರ್ ಸರಸ್ರೀ, ಕೂಸೈತಿ ಅಂತೀನಿ!" ಭತ್ತದ ಲೋಡಿನ ಟ್ರ್ಯಾಕ್ಟರುಗಳು ಪಕ್ಕಕ್ಕೆ ಸರಿದವು. ಬಸ್ಸು ನಿಂತಿತು. ಮೂರು ನಿಮಿಷದಲ್ಲಿ ಆಸ್ಪತ್ರೆ. ಅಲ್ಲಿನ ನರ್ಸ್ ಅವಳನ್ನು ಕಸಿದುಕೊಂಡು ತೊಡೆಯ ಮೇಲೆ ಬೋರಲು ಹಾಕಿ, ಅಂಗೈಯ ಬುಡದಿಂದ ಬೆನ್ನಿಗೆ ಗುದ್ದಿದರು. ಐದನೆಯ ಗುದ್ದಿಗೆ ಶೇಂಗಾದ ಒಂದು ಬೇಳೆ ನೆಲಕ್ಕೆ ಬಿತ್ತು. ಐದು ಗುದ್ದು! ಗೊಂಬೆ ಕೊಟ್ಟಿದ್ದರೆ ಹತ್ತು ನಿಮಿಷದಲ್ಲಿ ನಾನೇ ಕಲಿಯುತ್ತಿದ್ದ ಕೆಲಸ.

ಇನ್ನೊಂದು ಬೇಳೆ ಶ್ವಾಸಕೋಶಕ್ಕೆ ಇಳಿದಿತ್ತು. ಬಳ್ಳಾರಿಯ ಕಂಟೋನ್ಮೆಂಟ್ ಕಡೆಯ ಮಕ್ಕಳ ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ತೆಗೆದರು. ಆರು ದಿನದ ಮೇಲೆ ಮನೆಗೆ ಬಂದೆವು. ಕೂಸು ಉಳಿಯಿತು ಎಂದು ಎಲ್ಲರೂ ಹೇಳಿದರು. ಹೌದು, ಉಳಿಯಿತು.

ಆದರೆ ನೇತ್ರಾಳ ಬಾಯಲ್ಲಿ ನಾಲ್ಕು ಮಾತಿದ್ದವು. ಅವ್ವ, ಬಾ, ಅಜ್ಜಿಗೆ 'ಜ್ಜಿ', ಕಾಗೆಗೆ 'ಕಾ'. ಆ ದಿನದಿಂದ ನಾಲ್ಕೂ ಇಲ್ಲ. ಕಾಗೆಯನ್ನು ನೋಡುತ್ತಾಳೆ, ಕೈ ತೋರಿಸುತ್ತಾಳೆ, ಸುಮ್ಮನಾಗುತ್ತಾಳೆ. "ಹೆದರಿಕೆಗೆ ಹಿಂಗಾಗಿರಬಹುದು, ಗಾಳಿ ಕಡಿಮೆ ಆಗಿದ್ದಕ್ಕೂ ಇರಬಹುದು. ನಾಲ್ಕು ತಿಂಗಳು ನೋಡೋಣಮ್ಮ" ಎಂದರು ಡಾಕ್ಟರು. ಜಾಹೀರಾತಿನ ಆ ಸೆಕೆಂಡುಗಳಿಂದಲೇ ಹೀಗಾಯಿತು ಎಂದು ಯಾರೂ ಬರೆದುಕೊಡುವುದಿಲ್ಲ. ಆಗಿಲ್ಲ ಎಂದೂ ಬರೆದುಕೊಡುವುದಿಲ್ಲ. ಈ ಎರಡರ ನಡುವೆ ನನಗೆ ನಿದ್ದೆ ಬರಬೇಕಾಗಿದೆ.

ಅರ್ಜಿಗೆ ಉತ್ತರ ಬಾರದಿದ್ದಾಗ ತಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿದವರು ಸಜ್ಜನರೇ. "ಆ್ಯಡ್ ಹಾಕೋದು ಆ ವಿಡಿಯೋ ಕಂಪನಿಯವ್ರಮ್ಮ, ನಮಗೂ ಅದಕ್ಕೂ ಸಂಬಂಧ ಇಲ್ಲ" ಎಂದರು. ಆಮೇಲೆ ಸಲಹೆ ಕೊಡುವ ದನಿಯಲ್ಲಿ, "ಓದಿದವರಿದ್ದೀರಿ, ಒಂದು ಆ್ಯಡ್ ಬ್ಲಾಕರ್ ಹಾಕ್ಕೋಬೇಕಿತ್ತು" ಎಂದರು. ನಾನು ನಕ್ಕೆ. ಬಹಳ ದಿನಗಳ ಮೇಲೆ ನಕ್ಕಿದ್ದು. ಅವರು ಹೆದರಿ ಫೋನಿಟ್ಟರು.

ಸಂಬಂಧ ಇಲ್ಲವೇ? ನನ್ನ ತಡೆಯನ್ನು ತೆಗೆಸಿದ್ದು ತಮ್ಮ ಪುಟ. ಆ ಜಾಹೀರಾತಿನ ತಾಣಕ್ಕೆ ನನ್ನನ್ನು ಕಳಿಸಿದ್ದು ತಮ್ಮ ಸ್ಟಿಕ್ಕರು. ಗೊಂಬೆಯನ್ನು ಕಿತ್ತುಕೊಂಡದ್ದು ತಮ್ಮ ಆದೇಶ. ಸಾರ್ವಜನಿಕ ಆಸ್ಪತ್ರೆಯ ಬಾಗಿಲಿಗೆ ಯಾರೋ ಅಂಗಡಿಯವನು ಅಡ್ಡ ನಿಂತು, ನನ್ನ ಮಾಲು ನೋಡಿ ಒಳಗೆ ಹೋಗು ಎಂದರೆ, ಆ ಅಂಗಡಿಯವನಿಗೂ ನಮಗೂ ಸಂಬಂಧವಿಲ್ಲ ಎನ್ನುತ್ತೀರಾ? ಜಾಹೀರಾತು ಬರುತ್ತದೆಂದು ತಮಗೆ ಗೊತ್ತಿತ್ತೇ? ಗೊತ್ತಿದ್ದರೆ ಯಾಕೆ ಬಿಟ್ಟಿರಿ? ಗೊತ್ತಿರದಿದ್ದರೆ, ತಾಯಂದಿರಿಗೆ ಹಂಚುವ ಮೊದಲು ಒಂದೇ ಒಂದು ಸಲ, ಬೇರೆಯವರ ಫೋನಿನಲ್ಲಿ, ಸೆಕೆಂಡು ಎಣಿಸುತ್ತ ಅದನ್ನು ತೆರೆದು ನೋಡಿದವರು ಇಡೀ ಇಲಾಖೆಯಲ್ಲಿ ಯಾರೂ ಇರಲಿಲ್ಲವೇ?

ಕಳೆದ ವಾರ ಗಾಜು ಬದಲಿಸಿದ ಫೋನಿನಲ್ಲಿ ಹೊಸದೊಂದು ಜಾಹೀರಾತು ಬಂತು. "ನಿಮ್ಮ ಮಗು ಮಾತು ನಿಲ್ಲಿಸಿದೆಯೇ?" ನಗುವ ಹುಡುಗ, ಕೆಳಗೆ ಯಾವುದೋ ತರಬೇತಿ ಕೇಂದ್ರದ ನಂಬರು. ಈ ಭಯವನ್ನು ನಾನು ತವರಿಗೂ ಹೇಳಿಲ್ಲ. "ಕುರುಗೋಡಿಗೆ ಹೋಗಿ ನಾಕು ದಿನ ಇದ್ದು ಬಾ" ಎಂದು ಗಂಡ ಒತ್ತಾಯಿಸಿದರೂ ಹೋಗಿಲ್ಲ; ಅವ್ವ ಮೊಮ್ಮಗಳನ್ನು ಮಾತಾಡಿಸಿ ನೋಡಿದರೆ ಗೊತ್ತಾಗಿಬಿಡುತ್ತದೆ ಎಂದು. ನನ್ನ ಹೆತ್ತವ್ವನಿಗೆ ಗೊತ್ತಿಲ್ಲದ್ದು ಜಾಹೀರಾತಿಗೆ ಗೊತ್ತು. ಅರ್ಜಿ ಬರೆದುಕೊಟ್ಟರೂ ತಮಗೆ ಗೊತ್ತಿಲ್ಲ.

ಈಗ ನನ್ನ ಬೇಡಿಕೆ. ಪರಿಹಾರ ಬೇಡ, ವಿಷಾದ ಪತ್ರವೂ ಬೇಡ. ಅಕ್ಕನಾಗಮ್ಮನವರ ಗೊಂಬೆ ವಾಪಸ್ ಕೊಡಿ. ಅವರಿಗಷ್ಟೇ ಅಲ್ಲ, ಹಚ್ಚೊಳ್ಳಿಯಿಂದ ಕೆಂಚನಗುಡ್ಡದವರೆಗೆ ಯಾವ ಯಾವ ಸಿಸ್ಟರ ಕೈಯಿಂದ ತೆಗೆದುಕೊಂಡಿರೋ ಅವರೆಲ್ಲರಿಗೂ ಕೊಡಿ. ಆ ವಿಡಿಯೋವನ್ನು ಜಾಹೀರಾತಿನ ತಾಣದಿಂದ ಇಳಿಸಿ, ಯಾವ ತಡೆಯನ್ನೂ ತೆಗೆಸದೆ ತೆರೆಯುವ ತಮ್ಮದೇ ಪುಟದಲ್ಲಿ ಇಡಿ. ಮೊದಲ ಸೆಕೆಂಡಿನಲ್ಲೇ ಮಗುವಿನ ಬೆನ್ನು ಕಾಣಲಿ, ಗುದ್ದುವ ಕೈ ಕಾಣಲಿ. ತಮ್ಮ ನಮಸ್ಕಾರ ಕೊನೆಗಿರಲಿ. ಮಗು ಉಳಿದಿದ್ದರೆ ತಾಯಂದಿರು ಅದನ್ನೂ ನೋಡಿ ತಿರುಗಿ ಕೈಮುಗಿಯುತ್ತೇವೆ.

ಇದಕ್ಕೆ ಸಮಿತಿ ಬೇಕು, ಸಮಯ ಬೇಕು ಎನ್ನುವುದಾದರೆ ಒಮ್ಮೆ ನಮ್ಮ ಓಣಿಗೆ ಬನ್ನಿ. ಮಾಬುಸಾಬರ ಆಟೋ ದಿನಾ ಹನ್ನೊಂದಕ್ಕೆ ಬರುತ್ತದೆ. ನಮ್ಮ ಮನೆಗೆ ನಾಲ್ಕು ಮನೆ ಇರುವಾಗಲೇ ಮೈಕ್ ಬಂದ್ ಆಗುತ್ತದೆ, ನಾಲ್ಕು ಮನೆ ದಾಟಿದ ಮೇಲೆ ಮತ್ತೆ ಶುರುವಾಗುತ್ತದೆ. ಅವರಿಗೆ ಯಾವ ಸುತ್ತೋಲೆಯೂ ಹೋಗಿಲ್ಲ. ನಾನೇ ತಡೆದು ಹೇಳಿದೆ: "ಕೂಸು ಆರಾಮಾಗೈತಿ ಮಾಬುಸಾಬಣ್ಣ, ಇನ್ನ ಮೈಕ್ ಹಚ್ರಿ. ನಿಮ್ಮ ಹೊಟ್ಟಿಪಾಡು."

"ಇರಲಿ ತಂಗಿ. ಕೂಸು ಒಂದು ಮಾತಾಡ್ಲಿ. ಆಮ್ಯಾಲೆ ಊರಿಗೆಲ್ಲ ಕೇಳೋಹಂಗ ನಿಮ್ಮನಿ ಮುಂದ ಹಚ್ತೀನಿ," ಎಂದರು.

ಇವತ್ತಿಗೂ ನಮ್ಮ ಮನೆಯ ಮುಂದೆ ಆ ಆಟೋ ಸದ್ದಿಲ್ಲದೆ ಹಾದುಹೋಗುತ್ತಿದೆ. ಜಾಹೀರಾತಿಗೆ ಹೆದರಿ ಫೋನಿನ ಬಾಯಿ ಕಟ್ಟಿಸಿದವಳು ನಾನು. ಈಗ ನೇತ್ರಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಆ ಸೀರೆ ಅಂಗಡಿಯ ಕೂಗು ನಮ್ಮ ಬಾಗಿಲಿಗೆ ಎಂದು ಬರುತ್ತದೋ ಎಂದು ದಿನಾ ಕಟ್ಟೆಯ ಮೇಲೆ ನಿಂತು ಕಾಯುತ್ತೇನೆ.

ಇಂತಿ,
ತಮ್ಮ ವಿಡಿಯೋದ ವೀಕ್ಷಣೆಗಳಲ್ಲಿ ಒಂದಾಗಿ ಸೇರಿಹೋಗಿರುವ, ಆದರೆ ತಮ್ಮ ನಮಸ್ಕಾರದಿಂದ ಮುಂದಕ್ಕೆ ನೋಡಲಾಗದ
ಜಯಶ್ರೀ
ನೇತ್ರಾಳ ತಾಯಿ, ಸಿರುಗುಪ್ಪ