ಅಂಚಿನ ಒಳಗೆ ಅರಿಶಿನ

ಸೆಪ್ಟೆಂಬರ್ 16, ಮಂಗಳವಾರ

ಹನ್ನೊಂದು ಪಾರ್ಸೆಲ್ ಬಿಚ್ಚಿದ್ದಾಯಿತು. ಒಂಬತ್ತರಲ್ಲಿ ಮಾಮೂಲಿ ದೀಪಾವಳಿ ಸರಕು — ಜರಿಲಂಗ, ಮಿನುಗುವ ಕೋಟು, ಬೆನ್ನಿಗೆ ಬೋ ಕಟ್ಟಿದ ಫ್ರಾಕು. ಕಣ್ಣು ಕುಕ್ಕುತ್ತದೆ, ಆದರೂ ನೋಡಿದರೆ ಹಬ್ಬ ಬಂತು ಅನಿಸುತ್ತದೆ. ಎಲ್ಲರೂ ಕಾದಿದ್ದದ್ದು ಉಳಿದ ಎರಡಕ್ಕೆ. ಡಿಸೈನರ್ ಕಲೆಕ್ಷನ್! ತೇನಿಯಲ್ಲಿ, ನಮ್ಮ ಅಂಗಡಿಯ ಮೂರನೇ ಮಹಡಿಯಲ್ಲಿ, ಮಕ್ಕಳ ಸೆಕ್ಷನ್ನಿನಲ್ಲಿ.

ಬಿಚ್ಚಿದರೆ... ಬೂದಿ ಬಣ್ಣ. ಮಣ್ಣಿನ ಬಣ್ಣ. ಮಜ್ಜಿಗೆ ಬಣ್ಣ. ಒಂದು ಮಣಿಯಿಲ್ಲ, ಒಂದೆಳೆ ಜರಿಯಿಲ್ಲ.

ಇಸ್ತ್ರಿ ಮೇಜಿನ ಕಾಳಿಯಮ್ಮಾಳ್ ಬಂದು ಇಣುಕಿದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಕಂಬಂ ಕಡೆಯ ನಮ್ಮವಳೇ. ಇಬ್ಬರೇ ಇದ್ದಾಗ ನಮ್ಮ ಮಾತು, ಮನೆಯ ಕನ್ನಡ; ಗಿರಾಕಿ ಬಂದರೆ ತಮಿಳು.

"ಪೊನ್ನು, ಇದುಕ್ಕೆ ಇನ್ನೂ ಚಾಯ ಹಾಕಿ ಬಣ್ಣ ಏರಿಸ್ಬೇಕಾ?"

ನಗು ತಡೆಯಲಿಲ್ಲ. ಆದರೆ ಬಟ್ಟೆ ಮುಟ್ಟಿದ ಮೇಲೆ ನಗು ನಿಂತಿತು. ಎಂಥ ಹತ್ತಿ! ಚಿನ್ನಾಳಪಟ್ಟಿ ಮಗ್ಗದ್ದಂತೆ. ಇಲ್ಲಿಂದ ಒಂದೂವರೆ ಗಂಟೆ ದಾರಿಯ ಊರಿನ ಬಟ್ಟೆ, ಚೆನ್ನೈಗೆ ಹೋಗಿ ಇಂಗ್ಲಿಷ್ ಹೆಸರು ಇಟ್ಟುಕೊಂಡು ವಾಪಸ್ ಬಂದಿದೆ.

ಅಂಗಡಿಯ ಒಡೆಯರು, ಮೊದಲಾಳಿ ಪಾಂಡಿಯರಾಜನ್, ಸಂಜೆ ಕರೆದರು. ಅಕ್ಟೋಬರ್ ಐದಕ್ಕೆ ಲಾಂಚ್, ಹನ್ನೆರಡು ಮಕ್ಕಳು ಹಾಕಿಕೊಂಡು ನಡೆಯುತ್ತಾರೆ. ಸರಿಯಾಗಿ ನಡೆಸಿಕೊಟ್ಟರೆ ಸೆಕ್ಷನ್ ಇನ್-ಚಾರ್ಜ್ ನಾನೇ. ಸ್ಟಾಕ್ ರೂಮಿನ ಕೀ ಆಗಲೇ ಕೊಟ್ಟರು. ಹದಿನಾಲ್ಕು ವರ್ಷ ನಿಂತೇ ಕೆಲಸ ಮಾಡಿದೆ... ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸುಮ್ಮನೆ ಎರಡು ಸಲ ಮೆಟ್ಟಿಲು ಹತ್ತಿ ಇಳಿದೆ. ಝಣ್ ಅಂತ ಸದ್ದು ಬರಲಿ ಅಂತ.

ಸೆಪ್ಟೆಂಬರ್ 24, ಬುಧವಾರ

ಡಿಸೈನರ್ ಬಂದಿದ್ದಾರೆ. ಗೋಕುಲ್. ಮೂವತ್ತು ವರ್ಷ ಇರಬಹುದು, ಒಣಕಲು, ಮಾತು ಮೆಲ್ಲಗೆ. ರೂಲ್ಸ್ ಮಾತ್ರ ಉದ್ದ. ಹ್ಯಾಂಗರ್ ನಡುವೆ ಎರಡು ಬೆರಳು ಜಾಗ. ಪ್ಲಾಸ್ಟಿಕ್ ಕವರ್ ಬೇಡ. ಪಿನ್ನು ಚುಚ್ಚಬೇಡಿ. ಬಟ್ಟೆ ಮೇಲೆ ಏನೂ ಬೀಳಬಾರದು.

ಹನ್ನೆರಡು ಮಕ್ಕಳು ಸಿಕ್ಕರು. ಎಲ್ಲ ನಮ್ಮ ಗಿರಾಕಿಗಳ ಮಕ್ಕಳೇ. ಬೋಡಿಯ ಏಲಕ್ಕಿ ವ್ಯಾಪಾರಿಯ ಮೊಮ್ಮಗಳು ಅಳತೆಗೆ ಬಂದಿದ್ದಳು, ಅಜ್ಜಿಯ ಜೊತೆ. ಅಜ್ಜಿ ಮಜ್ಜಿಗೆ ಬಣ್ಣದ ಫ್ರಾಕನ್ನು ಹಿಂದೆ ಮುಂದೆ ತಿರುಗಿಸಿ, "ಲೈನಿಂಗ್ ಚೆನ್ನಾಗಿದೆ. ಮೇಲಿನ ಬಟ್ಟೆ ಎಲ್ಲಿ?" ಅಂದರು. ಗೋಕುಲ್ ಗೋಡೆ ಕಡೆ ತಿರುಗಿದರು. ಪಾಪ ಅನಿಸಿತು. ನಗುವೂ ಬಂತು.

ಅಕ್ಟೋಬರ್ 1, ಬುಧವಾರ. ಸಂಜೆ

ಆಯುಧಪೂಜೆ. ಬಿಲ್ಲಿಂಗ್ ಮೆಷಿನ್, ಕತ್ತರಿ, ಅಳತೆ ಟೇಪು, ಇಸ್ತ್ರಿಪೆಟ್ಟಿಗೆ, ಲಿಫ್ಟ್ — ಎಲ್ಲಕ್ಕೂ ಚಂದನ, ಕುಂಕುಮ. ಪೊರಿ, ಅದೇ ಮಂಡಕ್ಕಿ, ಹಂಚಿ ಎಲ್ಲರೂ ಹೊರಟರು. ಕೊನೆಗೆ ಸ್ಟಾಕ್ ರೂಮ್ ಬಾಗಿಲು ಹಾಕಲು ಹೋದವಳು ನಾನು, ಕೈಯಲ್ಲಿ ಪೂಜೆಗೆ ಕಲಸಿದ ಅರಿಶಿನದ ಬಟ್ಟಲು.

ಹನ್ನೆರಡು ಬಟ್ಟೆ ಸಾಲಾಗಿ ನೇತಾಡುತ್ತಿದ್ದವು. ಭಾನುವಾರ ಹನ್ನೆರಡು ಕೂಸುಗಳ ಮೈಗೇರುವ ಹೊಸ ಬಟ್ಟೆ. ಅರಿಶಿನ ಮುಟ್ಟಿಸದ ಹೊಸ ಬಟ್ಟೆಯನ್ನು ನಮ್ಮ ಮನೆಯಲ್ಲಿ ಯಾರೂ ಕೂಸಿಗೆ ಹಾಕಿದ್ದು ನಾನು ಕಂಡಿಲ್ಲ. ಅಂಗಡಿಯಲ್ಲೂ ಮೊದಲ ಕೂಸಿಗೆ ಅಂತ ಯಾರಾದರೂ ಕೊಂಡರೆ ಅಂಚಿನ ಒಳಗೆ ನಾನೇ ಒಂದು ಬೊಟ್ಟು ಇಟ್ಟು ಕೊಡುತ್ತೇನೆ. ಮೂರನೇ ಮಹಡಿಗೆಲ್ಲ ಗೊತ್ತು, ತಮಾಷೆ ಮಾಡುತ್ತಾರೆ.

ಕೈ ತಾನಾಗಿ ಹೋಯಿತು. ಅಂಚಿನ ಒಳಮೂಲೆಗೆ, ಕಡಲೆಬೇಳೆಯಷ್ಟು. ಹನ್ನೆರಡಕ್ಕೂ. ಮನಸ್ಸು ತಂಪಾಯಿತು.

ಅಕ್ಟೋಬರ್ 3, ಶುಕ್ರವಾರ. ಮಧ್ಯಾಹ್ನ 12.10

ಕೆಟ್ಟಿತು ಕೆಲಸ.

ಕಾಳಿಯಮ್ಮಾಳ್ ಬೆಳಿಗ್ಗೆ ಸ್ಟೀಮ್ ಇಸ್ತ್ರಿ ಶುರು ಮಾಡಿದಳು. ತೆಳ್ಳನೆ ಬಟ್ಟೆ, ಹಬೆ ಬಿದ್ದದ್ದೇ ಅರಿಶಿನ ಹೊರಗೆ ಹರಡಿತು. ಹನ್ನೆರಡಕ್ಕೂ ಹಳದಿ ಕಲೆ. ಗಾಬರಿಯಲ್ಲಿ ನಾಲ್ಕಕ್ಕೆ ಸೋಪು ತಿಕ್ಕಿದ್ದಾಳೆ — ಕಲೆ ಕೆಂಪಾಯಿತು, ಎಲೆಅಡಿಕೆ ಉಗಿದ ಹಾಗೆ.

ಗೋಕುಲ್ ಬಂದು ನೋಡಿ ಕುರ್ಚಿಯಲ್ಲಿ ಕುಸಿದರು. ಮೊದಲಾಳಿ ಬಂದರು. ಊಟದ ಕೈಯಲ್ಲಿ ಮುಟ್ಟಿದ್ದಾಳೆ, ಎಲೆಅಡಿಕೆ ಹಾಕಿ ಮುಟ್ಟಿದ್ದಾಳೆ ಅಂತ ಕೂಗಾಡಿದರು. ನಾಳೆಯಿಂದ ಬರಬೇಡ ಅಂದರು. ಅವಳು ತಲೆ ಬಗ್ಗಿಸಿ ನಿಂತಿದ್ದಳು.

ನಾನೂ ಅಲ್ಲೇ ಇದ್ದೆ. ಹ್ಯಾಂಗರ್ ಹಿಡಿದುಕೊಂಡು. ಇಟ್ಟವಳು ನಾನು ಅಂತ ಹೇಳಲಿಲ್ಲ. ಸೊಂಟದಲ್ಲಿ ಕೀ. ಥೂ...

ಅದೇ ದಿನ, ಸಂಜೆ 5

ಹೇಳಿಬಿಟ್ಟೆ.

ಮೂರು ಗಂಟೆಗೆ ಕಾಳಿಯಮ್ಮಾಳ್ ತನ್ನ ಊಟದ ಡಬ್ಬಿ, ಚಪ್ಪಲಿ, ಇಸ್ತ್ರಿ ಮೇಜಿನ ಹಳೇ ಕಂಬಳಿ ಎತ್ತಿಕೊಳ್ಳುತ್ತಿದ್ದಳು. ಹತ್ತಿರ ಹೋದೆ. ನನ್ನ ಮುಖ ನೋಡಲಿಲ್ಲ.

"ಸೋಪಿಗೆ ಕೆಂಪಾದಾಗ್ಲೇ ತಿಳೀತು, ಅರಿಸಿನ ಅಂತ," ಅಂದಳು. "ಈ ಮೂರನೇ ಮಾಡೀಲಿ ಅರಿಸಿನ ಇಡೋ ಕೈ ಒಂದೇ ಅಲ್ವಾ ಪೊನ್ನು."

"ಯಾಕಕ್ಕಾ ಸೊಲ್ಲಿಲ್ಲ? ನಿನ್ ಬಾಯಿಗೇನಾಗಿತ್ತು?"

"ನೀನು ಈಗೀಗ ಮೇಲಕ್ಕೆ ಬರ್ತಿರೋಳು. ನಂದು ಇಸ್ತ್ರಿ ತಾನೆ. ಎಲ್ಲೋದ್ರೂ ಇಸ್ತ್ರಿ."

ಅಲ್ಲಿಂದ ನೇರ ಕ್ಯಾಬಿನ್ನಿಗೆ ಹೋದೆ. ಬಾಗಿಲು ತಟ್ಟಿದ್ದೂ ನೆನಪಿಲ್ಲ. ಅರಿಶಿನ ಇಟ್ಟವಳು ನಾನು, ಅವಳದೇನೂ ತಪ್ಪಿಲ್ಲ ಅಂದೆ.

ಮೊದಲಾಳಿ ಅಂಗಡಿಯಲ್ಲಿ ತಮಿಳು ಬಿಟ್ಟು ಮಾತಾಡುವವರಲ್ಲ. ಸಿಟ್ಟು ನೆತ್ತಿಗೇರಿದರೆ ಮಾತ್ರ ನಮ್ಮ ಮಾತು ಬರುತ್ತದೆ. ಬಂತು. "ಬುದ್ದಿ ಇದ್ದಾ ನಿಂಗೆ? ಹದ್ನಾಲ್ಕ್ ವರ್ಸ ಏನ್ ಕಲ್ತೆ ನೀನು? ಕೊಡು ಕೀ!"

ಮೇಜಿನ ಮೇಲೆ ಇಟ್ಟೆ. ಅಳು ಬರಲಿಲ್ಲ.

ಅಲ್ಲೇ ಕೂತಿದ್ದ ಗೋಕುಲ್ ಕೇಳಿದರು, "ಯಾಕೆ ಇಟ್ಟಿರಿ, ಅಕ್ಕಾ?"

"ಹೊಸ ಬಟ್ಟೆ ಸಾರ್. ಕೂಸು ಹಾಕ್ಕೊಳ್ಳೋದು," ಅಂದೆ.

ಬಾಗಿಲ ಹತ್ತಿರ ಕಾಳಿಯಮ್ಮಾಳ್, ಡಬ್ಬಿ ಕೈಯಲ್ಲಿ. ಇನ್ನು ಮುಚ್ಚಿಡುವುದೇನಿದೆ ಅಂತ ಧೈರ್ಯ ಬಂದಿರಬೇಕು. "ಮೊದಲಾಳಿ, ನಿಂಬೆಹುಳಿ ಹಿಂಡುದ್ರೆ ಕೆಂಪು ಹೋಗಿ ತಿರುಗಾ ಹಳದಿ ಆಗ್ತದೆ. ಹಳದೀನ ಬಿಸ್ಲು ತಿಂತದೆ. ನಾಳೆ ಒಂದಿನ ಬಿಸ್ಲು ಸಿಕ್ರೆ ಸಾಕು. ಸೋಪು ಮಾತ್ರ ಯಾರೂ ಮುಟ್ಟಬ್ಯಾಡಿ."

ಚೆನ್ನೈಯಿಂದ ಬೇರೆ ಸೆಟ್ ಬರುವ ಹಾಗಿಲ್ಲ. ಅವಳ ಮಾತನ್ನು ನಂಬುವುದು ಬಿಟ್ಟು ಯಾರಿಗೂ ದಾರಿಯಿರಲಿಲ್ಲ.

ಅಕ್ಟೋಬರ್ 4, ಶನಿವಾರ. ಬೆಳಿಗ್ಗೆ 8.30, ತಾರಸಿ

ಮೋಡ. ಬೋಡಿ ಬೆಟ್ಟ ಕಾಣುತ್ತಲೇ ಇಲ್ಲ. ಬಿಳಿ ವೇಷ್ಟಿ ಪಂಚೆ ಹಾಸಿ ಹನ್ನೆರಡನ್ನೂ ಒಳಮೈ ಮೇಲೆ ಮಾಡಿ ಹರಡಿದ್ದೇವೆ. ಕಾಳಿಯಮ್ಮಾಳ್ ನೀರು ಚಿಮುಕಿಸುತ್ತಾಳೆ, ನಾನು ಕಾಗೆ ಓಡಿಸುತ್ತೇನೆ. ಗೋಕುಲ್ ನೀರಿನ ಟ್ಯಾಂಕಿನ ಕಟ್ಟೆ ಮೇಲೆ ಕೂತು ಉಗುರು ಕಚ್ಚುತ್ತಿದ್ದಾರೆ.

10.50

ಬಂತು ಬಿಸಿಲು! ಎಷ್ಟು ದಿನ ಬಿಸಿಲಿಗೆ ಶಾಪ ಹಾಕಿದ್ದೇನೋ, ಎಲ್ಲ ವಾಪಸ್.

2.40

ಎಂಟು ಬಟ್ಟೆಯಲ್ಲಿ ಕಲೆ ಪೂರ್ತಿ ಹೋಗಿದೆ. ಸೋಪು ಕಂಡ ನಾಲ್ಕು ಹಠ ಹಿಡಿದಿವೆ. ಇನ್ನೊಂದು ಸಲ ನಿಂಬೆ.

ನಾಲ್ವರೂ ತಾರಸಿಯಲ್ಲೇ ಊಟ ಮಾಡಿದೆವು. ಹೌದು, ನಾಲ್ವರು. ಮೊದಲಾಳಿ ಬಂದು ನಮ್ಮ ಪಕ್ಕ ಕೂತರು. ಊಟ ಮುಗಿಸಿ ಕೈಯನ್ನು ಮೂರು ಸಲ ತೊಳೆದುಕೊಂಡರು. ಊಟದ ಕೈ ಅಂತ ಬೈದದ್ದು ತಪ್ಪಾಯಿತು ಅನ್ನುವುದು ಕಾಳಿಯಮ್ಮಾಳಿಗೆ ಕಾಣಲಿ ಅಂತಲೇ.

4.15

ಹೋಯಿತು. ಹನ್ನೆರಡರಲ್ಲೂ ಹೋಯಿತು. ಗೋಕುಲ್ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕಾಳಿಯಮ್ಮಾಳಿಗೆ ಕೈ ಮುಗಿದುಬಿಟ್ಟರು. ಅವಳು ನಾಚಿ ಬಕೆಟ್ ಎತ್ತಿಕೊಂಡು ಓಡಿದಳು.

ಸಾಯಂಕಾಲದ ಇಸ್ತ್ರಿಯೂ ಅವಳದೇ. ಬರಬೇಡ ಅಂದವರೇ ಹೋಗಿ ಪ್ಲಗ್ ಹಾಕಿಕೊಟ್ಟರು. ಹಗುರಾಗಿದೆ, ದೇವರೇ. ಕೀ ಇಲ್ಲದಿದ್ದರೂ ಹಗುರಾಗಿದೆ.

ಅಕ್ಟೋಬರ್ 5, ಭಾನುವಾರ

ಇದನ್ನು ಬರೆಯದೆ ಮಲಗಲಾರೆ.

ಲೈಟು, ಸ್ಪೀಕರಿನಲ್ಲಿ ಸಿನಿಮಾ ಪಾಟು, ಮುನ್ನೂರು ಜನ. ಪರದೆ ಹಿಂದೆ ಹನ್ನೆರಡು ಮಕ್ಕಳು ಬನಿಯನ್ನಿನಲ್ಲಿ ಕುಣಿಯುತ್ತಿದ್ದರು. ಬೋಡಿಯ ಅಜ್ಜಿಯ ಕೈಗೆ ಫ್ರಾಕು ಕೊಟ್ಟೆ. ಅವರು ಅಂಚು ಮಗುಚಿದರು. ಒಂದು ಮೂಲೆ ನೋಡಿದರು, ಇನ್ನೊಂದು ನೋಡಿದರು. ಮುಖ ಗಂಟಾಯಿತು.

"ಅರಿಶಿನ ಎಲ್ಲಿ?"

ನಾನು ಮಗುಚಿದ ಅಂಚನ್ನೇ ನೋಡಿದೆ.

"ನೀನು ಯಾವಾಗಲೂ ಇಡುವವಳಲ್ವಾ? ಇಡದೆ ನನ್ನ ಮೊಮ್ಮಗಳಿಗೆ ಹಾಕೋದಿಲ್ಲ," ಅಂತ ಮೊಮ್ಮಗಳನ್ನು ಎಳೆದುಕೊಂಡರು. ಆ ಮಾತಿಗೆ ಉಳಿದ ತಾಯಂದಿರೂ ಅಂಚು ಮಗುಚತೊಡಗಿದರು. ಒಬ್ಬರು ಪರ್ಸಿನಿಂದ ಅರಿಶಿನದ ಪೊಟ್ಟಣವನ್ನೇ ತೆಗೆದರು. ಹೊರಗೆ ಮೈಕಿನಲ್ಲಿ ನಮ್ಮ ಅಂಗಡಿಯ ಹೆಸರು ಕೂಗುತ್ತಿದ್ದಾರೆ!

ಮೊದಲಾಳಿ ನನ್ನನ್ನು ನೋಡಿದರು. ನಾನು ಗೋಕುಲ್ ಅವರನ್ನು ನೋಡಿದೆ. ನಿನ್ನೆ ಇಡೀ ದಿನ ಬಿಸಿಲಲ್ಲಿ ಬೆಂದು ತೆಗೆದದ್ದು...

ಗೋಕುಲ್ ಕಣ್ಣು ಮುಚ್ಚಿಕೊಂಡರು. ತೆರೆದರು. "ಸ್ಟೀಮ್ ಬೇಡ," ಅಂದರು. "ಸೋಪು ಬೇಡ. ಒಣ ಅರಿಶಿನ. ಒಳಗಡೆ. ಚಿಕ್ಕದಾಗಿ, ಅಕ್ಕಾ... ದಯವಿಟ್ಟು ಚಿಕ್ಕದಾಗಿ."

ಹನ್ನೆರಡಕ್ಕೂ ಇಟ್ಟೆ. ನಗು, ಅಳು ಎರಡೂ ಒಟ್ಟಿಗೆ ಬಂದವು. ಬೊಟ್ಟು ದೊಡ್ಡದಾಗದಿರಲಿ ಅಂತ ಕಾಳಿಯಮ್ಮಾಳ್ ನನ್ನ ಮಣಿಕಟ್ಟು ಹಿಡಿದುಕೊಂಡಳು.

ಮಕ್ಕಳು ನಡೆದರು. ಬೂದಿ, ಮಣ್ಣು, ಮಜ್ಜಿಗೆ — ಆ ಕಪ್ಪು ಮೈಗಳ ಮೇಲೆ ಎಷ್ಟು ಚೆಂದ ಕಂಡವು! ಗೋಕುಲ್ ಏನು ಕಂಡು ಹೊಲಿಸಿದರೋ ಆಗ ತಿಳಿಯಿತು. ಅಜ್ಜಿ ಅಲ್ಲೇ ಎರಡು ಕೊಂಡರು. ಜೊತೆಗೆ ಒಂದು ಜರಿಲಂಗವನ್ನೂ, ಯಾವುದಕ್ಕೂ ಇರಲಿ ಅಂತ.

ಅಕ್ಟೋಬರ್ 7, ಮಂಗಳವಾರ. ಬೆಳಿಗ್ಗೆ 9.45

ಮೊದಲಾಳಿ ಮೇಲೆ ಬಂದು ಕೌಂಟರಿನ ಮೇಲೆ ಕೀ ಇಟ್ಟರು. ಅದರ ಪಕ್ಕ ಹೊಸ ಹಿತ್ತಾಳೆ ಬಟ್ಟಲು, ಮುಚ್ಚಳ ಸಮೇತ. ಸಿಟ್ಟಿರಲಿಲ್ಲ, ಆದರೂ ನಮ್ಮ ಮಾತಲ್ಲೇ ಅಂದರು, "ಇನ್ಮೇಲೆ ಬಿಲ್ ಆದ್ಮೇಲೆ ಇಡು, ತಾಯಿ. ಬಿಲ್ಗೆ ಮೊದ್ಲು ಬ್ಯಾಡ."

ಕೀ ಸೊಂಟದಲ್ಲಿದೆ. ಒಂದು ಸಲ ಮೆಟ್ಟಿಲು ಹತ್ತಿ ಇಳಿಯೋಣ ಅನಿಸುತ್ತಿದೆ. ಆದರೆ ಗಿರಾಕಿ ಬಂದರು, ತೋಳಲ್ಲಿ ಇಪ್ಪತ್ತು ದಿನದ ಕೂಸು. ಕಾಳಿಯಮ್ಮಾಳ್ ಇಸ್ತ್ರಿ ಮೇಜಿನಿಂದಲೇ ಕೂಗುತ್ತಿದ್ದಾಳೆ, "ಪೊನ್ನು, ಬಟ್ಟಲು ತಗೊಂಡು ಬಾ, ಮೊದಲ ಕೂಸಂತೆ —"