ಕೊಡದ ತಳದ ನೀರು

ಅಪ್ಪಾ,

ಎದುರು ನಿಂತು ಹೇಳಿದರೆ ನೀನು ಕೆಮ್ಮಿ ಎದ್ದು ಹೋಗುತ್ತೀಯ. ಅದಕ್ಕೇ ಬರೆದು, ನೀನು ಗಡ್ಡ ಹೆರೆದುಕೊಳ್ಳುವ ಕನ್ನಡಿಗೆ ಸಿಕ್ಕಿಸಿದ್ದೇನೆ. ಮುಖದ ತುಂಬ ನೊರೆ ಇರುವಾಗ ಎಲ್ಲಿಗೆ ಹೋಗುತ್ತೀಯ, ನೋಡೋಣ.

ಅಡುಗೆಮನೆಗೆ ನಲ್ಲಿ ಬಂದ ದಿನ ಅಮ್ಮ ಅದನ್ನು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ನಕ್ಕಳು. ನೀನೂ ನಕ್ಕೆ. ನಕ್ಕವನೇ ಹೇಳಿದೆ: "ನೀರು ಮನೇಗೇ ಬಂತಲ್ಲ, ಚಿಕ್ಕವಳಿಗೆ ಇನ್ನೇನು ಕೆಲ್ಸ? ಎರಡು ಹಸು ತರ್ತೀನಿ, ನೋಡ್ಕೊಳ್ಳಲಿ."

ಹೊಳೆಯಿಂದ ನೀರು ಹೊರುತ್ತ ಹೊರುತ್ತ ನಾನು ಶಾಲೆ ಬಿಟ್ಟೆ. ನನ್ನ ಹಿಂದೆಯೇ ತಂಗಿಯೂ ಬಿಟ್ಟಳು. ಈಗ ಅವಳ ತಲೆಯಿಂದ ಕೊಡ ಇಳಿದಿದೆ. ಅಲ್ಲಿಗೇ ಹುಲ್ಲಿನ ಹೊರೆ ಏರಬೇಕೇ? ನಲ್ಲಿ ಉಳಿಸಿದ ಹೊತ್ತು ಅವಳದು. "ಮಹಿಳಾ ಸಂಘದ ಕರಪತ್ರ ಓದಿ ಓದಿ ಇವಳ ತಲೆ ಕೆಟ್ಟಿದೆ" ಅನ್ನುತ್ತೀಯ. ಕೆಟ್ಟಿರಲಿ. ನಾನೀಗ ಹೇಳುವುದು ಯಾವ ಕರಪತ್ರದಲ್ಲೂ ಇಲ್ಲ, ನಮ್ಮ ಅಡುಗೆಮನೆಯಲ್ಲಿದೆ.

ಹೊಳೆಯ ನೀರಿನಲ್ಲಿ ಕೆಸರಿರುತ್ತಿತ್ತು. ಅಮ್ಮ ಕೊಡವನ್ನು ಅಲುಗಿಸದೆ ಇಟ್ಟು, ಮೇಲಿನ ತಿಳಿಯನ್ನು ನಿನಗೆ ಬಗ್ಗಿಸಿ, ತಳದ್ದನ್ನು ತಾನು ಕುಡಿಯುತ್ತಿದ್ದಳು. ಹೊಟ್ಟೆ ಹಿಡಿದು ಮಲಗುತ್ತಿದ್ದವಳೂ ಅವಳೇ. ಈಗ ನಲ್ಲಿಯಲ್ಲಿ ಶುದ್ಧ ನೀರು. ಆದರೂ ಅದನ್ನು ಕೊಡಕ್ಕೆ ತುಂಬಿ, ಮುಚ್ಚಿಟ್ಟು, ಕೆಸರು ಕೂರಲೆಂದು ಕಾಯುತ್ತಾಳೆ! ತಿಳಿ ಇಂದಿಗೂ ನಿನಗೆ, ತಳ ಇಂದಿಗೂ ಅವಳಿಗೆ. "ಎಲ್ಲಾ ಒಂದೇ ನೀರು ಕಣಮ್ಮಾ" ಎಂದೆ. "ಗೊತ್ತು ಕಣೇ, ಆದ್ರೂ ಮೇಲಿಂದು ನಿಮ್ಮಪ್ಪಂಗೇ ಇರ್ಲಿ" ಎಂದಳು. ಮೊದಲು ನಗು ಬಂತು, ಆಮೇಲೆ ಸಿಟ್ಟು. ನೀನಾಗಿ ಎಂದೂ ಕೇಳಲಿಲ್ಲ, ನಿಜ. ಕೊಟ್ಟದ್ದನ್ನು ಬೇಡ ಎನ್ನಲೂ ಇಲ್ಲ.

ನಿನ್ನೆ ತಂಗಿಯನ್ನು ಕರೆದುಕೊಂಡು ಹೋಗಿ ಶಾಲೆಗೆ ಸೇರಿಸಿ ಬಂದೆ. "ಅಪ್ಪ ಒಪ್ಪಿದಾರೇನಮ್ಮ?" ಎಂದರು ಮೇಷ್ಟ್ರು. "ಒಪ್ತಾರೆ ಸಾರ್" ಎಂದೆ. ನೀನು ಇದನ್ನು ಓದಿ ಮುಗಿಸುವ ಹೊತ್ತಿಗೆ ಅವಳು ಶಾಲೆಯ ದಾರಿಯಲ್ಲಿರುತ್ತಾಳೆ. ಹಸು ತರುವುದಾದರೆ ತಾ, ಸಗಣಿ ಬಾಚುವವನೂ ನೀನೇ. ಅವಳನ್ನು ಕೊಟ್ಟಿಗೆಗೆ ಎಳೆದು ತಂದರೆ ನಾನು ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ಹೊಡೆಯುವುದಾದರೆ ಹೊಡಿ, ಸರಿಯುವುದಿಲ್ಲ.

ಮುಖ ತೊಳೆದ ಮೇಲೆ ಒಂದು ಕೆಲಸ ಮಾಡು. ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಅಮ್ಮನ ಕೈಗೆ ಕೊಡು. ಅವಳು ಕುಡಿದಾದ ಮೇಲೆ ಅದೇ ಲೋಟದಲ್ಲಿ ನೀನು ಕುಡಿ. ರುಚಿ ಏನಾದರೂ ಕಡಿಮೆಯಾಗಿದ್ದರೆ ಬಂದು ಹೇಳು, ನಾನು ಸೋತೆ.

ನಿನ್ನ ಹೊಟ್ಟೆ ತಣ್ಣಗಿರಲಿ ಅಪ್ಪಾ. ಇನ್ನು ಮುಂದೆ ಅಮ್ಮನದೂ.

ಬಾಗಿಲಲ್ಲೇ ನಿಂತಿರುವ
ನಿನ್ನ ಹಿರಿಮಗಳು